ಸೊನ್ನೆಗೆ ಹೆದರುವ ಮನೋರಮಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂಡುಬಿದಿರೆಯ ಜೈನ ಪೇಟೆಯಲ್ಲಿ ಒಂದು ಸ್ಟೇಷನರಿ ಅಂಗಡಿಯ ಮೇಲಿನ ಕೋಣೆ. ತಗಡಿನ ಮಾಡಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿದೆ. ಗಂಡನ ಹಳೆಯ ಶಾಲನ್ನು ಭುಜಕ್ಕೆ ಎಳೆದುಕೊಂಡು ಮನೋರಮಾ ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ಬಿಳಿ ಹಿನ್ನೆಲೆಯಲ್ಲಿ ಕಪ್ಪು ಅಂಕಿಗಳ ಸಾಲುಗಳಷ್ಟೆ. ತಾರೀಕು, ಗಂಟೆ, ಮಳೆ, ಉಷ್ಣತೆ, ಗಾಳಿಯ ತೇವ. ಪುಂಜಾಲಕಟ್ಟೆಯ ಫೈಲು ತೆರೆದು ಕೆಳತನಕ ಕಣ್ಣಾಡಿಸುತ್ತಾರೆ, ಮುಚ್ಚುತ್ತಾರೆ. ಕಲ್ಲಡ್ಕದ್ದನ್ನು ತೆರೆಯುತ್ತಾರೆ, ಮುಚ್ಚುತ್ತಾರೆ. ಘಟ್ಟದ ಬುಡದ ಕೇಂದ್ರಗಳನ್ನು ಮಾತ್ರ ಕೊನೆಗೆ ಉಳಿಸಿಕೊಳ್ಳುತ್ತಾರೆ. ಯಾಕೆಂದು ಕೇಳಿದರೆ ನಾಚಿ ನಗುತ್ತಾರೆ. "ಹೆದರಿಕೆ ಮಾರಾಯ್ರೆ. ನೋಡುದು ಸ್ವಲ್ಪ ತಡ ಆದ್ರೆ ಒಳ್ಳೇದು ಅಂತ ಕಾಣ್ತದೆ."

ಇಂದು ನೇರಿಯದ ಫೈಲು ತೆರೆದ ಕೂಡಲೇ ಅವರ ಬೆರಳು ಮೌಸಿನ ಮೇಲೆ ನಿಂತುಬಿಡುತ್ತದೆ. ಮಳೆಯ ಕಾಲಮ್ಮಿನಲ್ಲಿ 0.0. ಮೇಲಿನ ಸಾಲಿನಲ್ಲೂ 0.0. ಇನ್ನೂ ಮೇಲೆ ಹೋದರೆ ನಿನ್ನೆ ಸಂಜೆಯವರೆಗೂ ಸೊನ್ನೆಗಳೇ. ಜುಲೈ ತಿಂಗಳು, ಕಾಡಿನ ಅಂಚಿನ ಊರು, ಇಡೀ ರಾತ್ರಿ ಒಂದು ಹನಿಯೂ ಬಿದ್ದಿಲ್ಲವೆಂದು ಯಂತ್ರ ಹೇಳುತ್ತಿದೆ. ಅದೇ ಗುಡ್ಡಸಾಲಿನ ಉಳಿದೆರಡು ಕೇಂದ್ರಗಳಲ್ಲಿ ಒಂದಕ್ಕೆ ಅರವತ್ತನಾಲ್ಕು ಮಿಲಿಮೀಟರ್ ಬಿದ್ದಿದೆ, ಇನ್ನೊಂದಕ್ಕೆ ಎಪ್ಪತ್ತೊಂದು.

"ಎಲ್ಲರಿಗೂ ದೊಡ್ಡ ನಂಬ್ರ ಕಂಡ್ರೆ ಹೆದರಿಕೆ. ನನಗೆ ಸೊನ್ನೆ ಕಂಡ್ರೆ," ಎನ್ನುತ್ತಾರೆ ಮನೋರಮಾ. ಸ್ವರ ತೀರಾ ಸಣ್ಣದು. ಮಳೆಯ ಸದ್ದಿನಲ್ಲಿ ಅರ್ಧ ಕೇಳಿಸುವುದೇ ಇಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸುತ್ತಿನ ಕೃಷಿಕರು, ನಿವೃತ್ತ ಮೇಷ್ಟ್ರುಗಳು, ಬಸದಿ ದೇವಸ್ಥಾನ ನೋಡಿಕೊಳ್ಳುವವರು ಸೇರಿ ಕಟ್ಟಿಕೊಂಡ ಒಂದು ಮಳೆ ಬಳಗವಿದೆ. ಅವರ ಅಂಗಳದಲ್ಲಿ, ಗುಡ್ಡದಲ್ಲಿ, ಶಾಲೆಯ ತಾರಸಿಯಲ್ಲಿ ಇಪ್ಪತ್ತಮೂರು ಪುಟ್ಟ ಹವಾಮಾನ ಕೇಂದ್ರಗಳು ನಿಂತಿವೆ. ಒಂದೊಂದೂ ಕಾಲು ಗಂಟೆಗೊಮ್ಮೆ ಒಂದು ಸಾಲು ಕಳಿಸುತ್ತದೆ. ದಿನಕ್ಕೆ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ಸಾಲು ಬಂದು ಈ ಕೋಣೆಯಲ್ಲಿ ಇಳಿಯುತ್ತವೆ. ಅವನ್ನು ಕೇಂದ್ರಕ್ಕೊಂದು, ವರ್ಷಕ್ಕೊಂದು ಎಂಬಂತೆ ಸಾದಾ ಟೆಕ್ಸ್ಟ್ ಫೈಲುಗಳಲ್ಲಿ ತುಂಬುವುದು, ಅನುಮಾನದ ಅಂಕಿಗಳನ್ನು ಹೆಕ್ಕಿ ಗುರುತು ಹಾಕುವುದು, ದಿನದ, ತಿಂಗಳ, ವರ್ಷದ ಮೊತ್ತ ತೆಗೆಯುವುದು ಮನೋರಮಾ ಅವರ ಕೆಲಸ. ಕೇಂದ್ರ ಇಟ್ಟವರ ಹೆಸರು ಬಳಗದ ಫಲಕದಲ್ಲಿದೆ. ಇವರ ಹೆಸರು ಎಲ್ಲಿಯೂ ಇಲ್ಲ. ಅದರ ಮಾತು ತೆಗೆದರೆ ಅವರು ಎದ್ದು ಕಿಟಕಿ ಮುಚ್ಚಲು ಹೋಗುತ್ತಾರೆ.

ಕಂಪ್ಯೂಟರಿನಲ್ಲಿ ಎರಡು ಮುಖ್ಯ ಫೋಲ್ಡರುಗಳಿವೆ. ಒಂದರ ಹೆಸರು 'ಬಂದದ್ದು', ಇನ್ನೊಂದರದು 'ತಿದ್ದಿದ್ದು'. ಯಂತ್ರ ಕಳಿಸಿದ್ದು ತಪ್ಪೆಂದು ಎಷ್ಟೇ ಖಚಿತವಿದ್ದರೂ 'ಬಂದದ್ದು' ಒಳಗೆ ಯಾರೂ ಕೈ ಹಾಕುವಂತಿಲ್ಲ. ತಿದ್ದುಪಡಿಯೆಲ್ಲ ಎರಡನೆಯದರಲ್ಲಿ, ಪಕ್ಕದಲ್ಲಿ ಕಾರಣ ಬರೆದು. ಲೆಕ್ಕ ಸಿಗದ ಜಾಗಕ್ಕೆ -99.9 ಎಂದು ಹಾಕುತ್ತಾರೆ. ಮಳೆ ಯಾವತ್ತೂ ಮೈನಸ್ ಆಗಲಾರದು. ಹಾಗಾಗಿ ಆ ಅಂಕಿ ಕಂಡರೆ 'ಗೊತ್ತಿಲ್ಲ' ಎಂದು ಓದಿಕೊಳ್ಳಬೇಕು.

ಈ ಪಾಠ ಕಲಿಸಿದವರು ಪುಂಜಾಲಕಟ್ಟೆಯ ಮುಂಡಪ್ಪ ಮೇಷ್ಟ್ರು, ಈಗ ಇಲ್ಲ. ಮದುವೆಯಾದ ಹೊಸತರಲ್ಲಿ ಮನೋರಮಾ ಕೆಳಗಿನ ಅಂಗಡಿಯಲ್ಲಿ ಮದುವೆ ಕಾಗದ, ಸತ್ತವರ ಬೊಜ್ಜದ ಕಾಗದ ಟೈಪ್ ಮಾಡುತ್ತಿದ್ದರು. ಒಂದು ದಿನ ಮೇಷ್ಟ್ರು ತಮ್ಮ ಅಂಗಳದ ಮಳೆಯ ಹಳೆಯ ಲೆಕ್ಕವನ್ನು ಚೀಲದಲ್ಲಿ ಹೊತ್ತು ತಂದು, ಇದನ್ನು ಕಂಪ್ಯೂಟರಿಗೆ ಏರಿಸಿಕೊಡಿ ಎಂದರು. ಆ ಕಂಪ್ಯೂಟರಿನಲ್ಲಿ ನೋಟ್‌ಪ್ಯಾಡ್ ಬಿಟ್ಟರೆ ಬೇರೇನೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದರಲ್ಲೇ ಒಂದೊಂದೇ ಸಾಲು ಒತ್ತಿದರು. ಖಾಲಿ ಬಿಟ್ಟ ಜಾಗ ಬಂದಾಗ ಅಂದವಾಗಿರಲಿ ಎಂದು ಸೊನ್ನೆ ಹಾಕಿದರು. ಪ್ರಿಂಟು ನೋಡಿದ ಮೇಷ್ಟ್ರು ಕನ್ನಡಕ ತೆಗೆದರಂತೆ.

"ಆ ದಿನ ನಾನು ಮಗಳ ಮನೆಗೆ ಹೋಗಿದ್ದೆ ಅಮ್ಮ. ಮಳೆ ಬಂದಿತ್ತು, ನೋಡ್ಲಿಕ್ಕೆ ಜನ ಇರ್ಲಿಲ್ಲ. ನೀವು ಮಳೆಯನ್ನೇ ಇಲ್ಲ ಮಾಡಿದಿರಲ್ಲ!"

ಬೈದದ್ದಲ್ಲ. ನಕ್ಕುಕೊಂಡೇ ಹೇಳಿದ್ದು. ಆದರೆ ಆ ಮಾತು ಮನೋರಮಾ ಅವರ ಎದೆಯಲ್ಲಿ ಎಲ್ಲೋ ಸಿಕ್ಕಿಕೊಂಡು ಉಳಿಯಿತು. ತಪ್ಪು ಅಂಕಿ ಮುನ್ನೂರು ಎಂದಿದ್ದರೆ ಯಾರಾದರೂ ಪ್ರಶ್ನಿಸುತ್ತಾರೆ. ಸೊನ್ನೆ ಹಾಗಲ್ಲ, ಎಲ್ಲಿ ಕೂತರೂ ನಿಜದ ಹಾಗೆಯೇ ಕಾಣುತ್ತದೆ.

ಮೇಷ್ಟ್ರ ಲೆಕ್ಕದಿಂದ ಸುರುವಾದದ್ದು ಬಳಗದ ಲೆಕ್ಕಕ್ಕೆ ಬೆಳೆಯಿತು. ಮಳೆಗಾಲಕ್ಕೆ ಮೊದಲು ಗುಡುಗು ಶುರುವಾದರೆ ಅವರಿಗೆ ನಿದ್ದೆಯಿಲ್ಲ. ಮೊದಲ ಮಿಂಚು ಕಾಣುವ ಮುಂಚೆಯೇ ಗೋಡೆಯಿಂದ ಪ್ಲಗ್ಗುಗಳನ್ನೆಲ್ಲ ಕಿತ್ತು ಹಾಕುತ್ತಾರೆ. ಫೈಲುಗಳ ಪ್ರತಿ ಇರುವ ಪೆನ್‌ಡ್ರೈವ್ ಒಂದು ಬಂಟ್ವಾಳದ ತವರಿನಲ್ಲಿದೆ, ಇನ್ನೊಂದು ಅಡುಗೆಮನೆಯ ಅಕ್ಕಿ ಡಬ್ಬದಲ್ಲಿ. ಅಕ್ಕಿ ತೇವ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ. ಗಂಡ ಶಶಿರಾಜ್‌ಗೆ ಇದೊಂದು ತಮಾಷೆ. "ಒಂದು ದಿನ ಗಂಜಿಯಲ್ಲಿ ಹತ್ತು ವರ್ಷದ ಮಳೆ ಬೆಂದು ಬರ್ತದೆ, ನೋಡಿ ಬೇಕಾದ್ರೆ."

ಇಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಫಾಝಿಲ್ ಬಳಗಕ್ಕೆ ಬಿಡುವಿನಲ್ಲಿ ಸಹಾಯ ಮಾಡುತ್ತಾರೆ. ಫೈಲುಗಳನ್ನು ಓದಿ ಮೊತ್ತ ತೆಗೆಯುವ ಸಣ್ಣ ಪ್ರೋಗ್ರಾಮು ಬರೆದುಕೊಟ್ಟವರು ಅವರೇ. "ಅಕ್ಕ, ಇದನ್ನೆಲ್ಲ ಒಂದು ಡೇಟಾಬೇಸಿಗೆ ಹಾಕುವ," ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. "ಹಾಕುವ," ಎಂದು ಇವರೂ ತಲೆಯಾಡಿಸುತ್ತಾರೆ. ಫಾಝಿಲ್ ಹೋದ ಮೇಲೆ ಸಮಜಾಯಿಷಿ ಕೊಡುವವರಂತೆ ಹೇಳುತ್ತಾರೆ: "ಅವರು ಹೇಳುದು ಸರಿಯೇ. ಆದ್ರೆ ಟೆಕ್ಸ್ಟ್ ಫೈಲು ಯಾವ ಹಳೇ ಕಂಪ್ಯೂಟರಿನಲ್ಲೂ ತೆರೀತದೆ. ನಾನು ಇಲ್ಲದ ದಿನ ಯಾರು ತೆರೆದ್ರೂ ಓದ್ಲಿಕ್ಕೆ ಆಗ್ಬೇಕಲ್ಲ. ಒಂದು ಸಾಲು ಹಾಳಾದ್ರೆ ಒಂದು ಸಾಲು ಹೋಗ್ತದೆ, ಎಲ್ಲ ಹೋಗುದಿಲ್ಲ."

ಮಳೆಗಾಲದ ಪ್ರತಿ ಬೆಳಿಗ್ಗೆ ಆರೂವರೆಗೆ ಆ ಪ್ರೋಗ್ರಾಮು ಬಳಗದವರಿಗೆಲ್ಲ ವಾಟ್ಸಾಪಿನಲ್ಲಿ ಒಂದು ಸಂದೇಶ ಕಳಿಸುತ್ತದೆ. ಹೆಚ್ಚಿನವರು ಅದನ್ನು ತೋಟಕ್ಕೆ ಮದ್ದು ಬಿಡಬಹುದೇ ಎಂದು ತಿಳಿಯಲು ನೋಡುತ್ತಾರೆ. ಒಬ್ಬರು ಮಾತ್ರ ಬೇರೆ ಕಾರಣಕ್ಕೆ ಕಾಯುತ್ತಾರೆ. ಅವರು ಅಬ್ದುಲ್ ನಾಸಿರ್. ನೇರಿಯದ ಕೆಳಗಿನ ಹಳ್ಳಿಯೊಂದರಿಂದ ಶಾಲೆಗೆ ಮಕ್ಕಳನ್ನು ಒಯ್ಯುವ ವ್ಯಾನ್ ಅವರದ್ದು. ದಾರಿಯಲ್ಲಿ ಹೊಳೆಗೆ ಅಡ್ಡವಾಗಿ ಒಂದು ತಗ್ಗು ಸೇತುವೆ, ತಡೆಗೋಡೆಯಿಲ್ಲದ ಮುಳುಗು ಸೇತುವೆ. ಅದರಡಿ ಹರಿಯುವ ನೀರೆಲ್ಲ ನೇರಿಯದ ಗುಡ್ಡದಿಂದಲೇ ಇಳಿದು ಬರುವಂಥದ್ದು. ಮೇಲೆ ಬಿದ್ದ ಮಳೆ ಇಲ್ಲಿಗೆ ತಲುಪಲು ಸ್ವಲ್ಪ ಹೊತ್ತು ಬೇಕು. ತಲುಪಿದಾಗ ಮಾತ್ರ ಹೇಳದೆ ಕೇಳದೆ ಬರುತ್ತದೆ. ನಾಸಿರ್ ವ್ಯಾನ್ ಹೊರಡಿಸುವ ಮೊದಲು ಸಂದೇಶ ನೋಡುತ್ತಾರೆ. ಸೇತುವೆ ದಾಟಿ ಆಚೆ ಏರಿದ ಮೇಲೆ ಮನೋರಮಾ ಅವರಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಾರೆ. ಒಂದು ರಿಂಗ್, ಅಷ್ಟೆ. ಮನೋರಮಾ ತೆಗೆಯುವುದಿಲ್ಲ. ಆ ರಿಂಗ್ ಆಗುವವರೆಗೆ ತಿಂಡಿಯನ್ನೂ ಮುಟ್ಟುವುದಿಲ್ಲ.

ಈಗ ಪರದೆಯ ಮೇಲೆ ಆ ಸೊನ್ನೆಗಳು. ಸಂದೇಶ ಹೋಗಲು ಇನ್ನು ಸ್ವಲ್ಪವೇ ಹೊತ್ತಿದೆ. ಮನೋರಮಾ ಕಾಗದದ ಚೂರೊಂದರಲ್ಲಿ ಲೆಕ್ಕ ಹಾಕುತ್ತಾರೆ. ಗುಡ್ಡದ ಮೂರು ಕೇಂದ್ರಗಳ ಸರಾಸರಿ ಐವತ್ತು ದಾಟಿದರೆ ಪ್ರೋಗ್ರಾಮು 'ಎಚ್ಚರಿಕೆ' ಎಂದು ಬರೆಯುತ್ತದೆ. ಅರವತ್ತನಾಲ್ಕು, ಎಪ್ಪತ್ತೊಂದು, ಸೊನ್ನೆ: ಸರಾಸರಿ ನಲವತ್ತೈದು. ಹಾಗಾದರೆ 'ಸಾಮಾನ್ಯ'. ನೇರಿಯವನ್ನು ಲೆಕ್ಕದಿಂದ ತೆಗೆದರೆ ಅರವತ್ತೇಳೂವರೆ. ಆ ಸೊನ್ನೆಯನ್ನು ನಂಬಿದರೆ ವ್ಯಾನ್ ಹೋಗುತ್ತದೆ, ನಂಬದಿದ್ದರೆ ನಿಲ್ಲುತ್ತದೆ.

ನಂಬದಿರುವುದು ಸುಲಭವೂ ಅಲ್ಲ. ಈ ಗುಡ್ಡಗಳಲ್ಲಿ ಒಂದು ಕಡೆ ಹೊಯ್ದ ಮಳೆ ಪಕ್ಕದ ಕಣಿವೆಗೆ ಬೀಳದೆ ಹೋಗುವುದುಂಟು. ಪಕ್ಕದ ಕಾಲಮ್ಮಿನಲ್ಲಿ ಗಾಳಿಯ ತೇವ ನೂರಕ್ಕೆ ನೂರು ಎಂದಿದೆ. ಆದರೆ ಬರೀ ಮಂಜು ಕವಿದರೂ ಅದು ನೂರೇ. ಅದಲ್ಲದೆ ಕಳೆದ ವಾರವಷ್ಟೇ ಇಂಥದೇ ಒಂದು ಅನುಮಾನಕ್ಕೆ ಮನೋರಮಾ ನೇರಿಯವನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. 'ಎಚ್ಚರಿಕೆ' ಹೋಯಿತು, ವ್ಯಾನ್ ನಿಂತಿತು. ಹೊಳೆಯಲ್ಲಿ ಮೊಣಕಾಲು ನೀರೂ ಇರಲಿಲ್ಲ. ಆ ದಿನ ಮಕ್ಕಳಿಗೆ ಪರೀಕ್ಷೆಯಿತ್ತು. ಹೆತ್ತವರು ನಾಸಿರ್ ಮೇಲೆ ಹರಿಹಾಯ್ದರು. ವಾಟ್ಸಾಪಿನಲ್ಲಿ ಯಾರೋ ಬಿಸಿಲಿನ ಚಿತ್ರ ಹಾಕಿ ಕೆಳಗೆ 'ಮನೋರಮಕ್ಕನ ಮಳೆ' ಎಂದು ಬರೆದರು. ಅದನ್ನು ನೋಡಿ ಅವರೂ ನಕ್ಕರು. ಆಮೇಲೆ ಎರಡು ದಿನ ಗ್ರೂಪು ತೆರೆಯಲಿಲ್ಲ.

"ಸುಮ್ಮನೆ ಸುಮ್ಮನೆ ನಿಲ್ಸಿದ್ರೆ ಒಂದು ದಿನ ಯಾರೂ ನಂಬುದಿಲ್ಲ. ಆ ದಿನವೇ ನೀರು ಬಂದ್ರೆ?" ಇದು ಅವರ ಎರಡನೆಯ ಹೆದರಿಕೆ. ಮೊದಲನೆಯದನ್ನು ಬಾಯಿಬಿಟ್ಟು ಹೇಳುವುದಿಲ್ಲ. ವ್ಯಾನಿನಲ್ಲಿ ಮುಂದಿನ ಸೀಟಿಗೆ ದಿನಾ ಜಗಳವಾಡುವ ಇಬ್ಬರು ಅಕ್ಕತಂಗಿಯರಿದ್ದಾರೆಂದು ನಾಸಿರ್ ಎಂದೋ ಹೇಳಿದ್ದರು. ಆ ಹುಡುಗಿಯರನ್ನು ಮನೋರಮಾ ನೋಡಿದ್ದಿಲ್ಲ. ಆದರೂ ಮಳೆ ಜೋರಾದರೆ ಅವರೇ ಕಣ್ಣಿಗೆ ಬರುತ್ತಾರೆ.

ನೇರಿಯದ ಕೇಂದ್ರ ನೋಡಿಕೊಳ್ಳುವವರು ಪುಷ್ಪರಾಜ. ಅಲ್ಲಿನ ಸಣ್ಣ ಬಸದಿಯ ಮೇಲುಸ್ತುವಾರಿ ಅವರ ಮನೆತನದ್ದು. ಬಸದಿಯ ಹಿಂದಿನ ದಿಣ್ಣೆಯಲ್ಲಿ ಯಂತ್ರ ನಿಂತಿದೆ. ದಿಣ್ಣೆಗೆ ರೇಂಜ್ ಸಿಗುತ್ತದೆ, ಕೆಳಗಿನ ಅವರ ಮನೆಗೆ ಸಿಗುವುದಿಲ್ಲ. ಮನೋರಮಾ ಫೋನ್ ಮಾಡುತ್ತಾರೆ. ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ. ಮತ್ತೆ ಮಾಡುತ್ತಾರೆ. ಹೊರಗಿದ್ದಾರೆ. ಮತ್ತೊಮ್ಮೆ ಒತ್ತುತ್ತಾರೆ.

ಕೊನೆಗೆ 'ತಿದ್ದಿದ್ದು' ಫೋಲ್ಡರಿನಲ್ಲಿ ನೇರಿಯದ ಆ ಸಾಲುಗಳಿಗೆಲ್ಲ -99.9 ಹಾಕುತ್ತಾರೆ. ಆರೂವರೆಗೆ ಸಂದೇಶ ಹೋಗುತ್ತದೆ. 'ಎಚ್ಚರಿಕೆ. ನೇರಿಯ: ಗೊತ್ತಿಲ್ಲ.'

ಎರಡು ನಿಮಿಷದಲ್ಲಿ ಫೋನ್ ಬಡಿದುಕೊಳ್ಳುತ್ತದೆ. ನಾಸಿರ್ ಮತ್ತು ಮನೋರಮಾ ಮಾತಾಡುವುದು ತುಳುವಿನಲ್ಲಿ. ಸಿಟ್ಟು ಬಂದರೆ ಮಾತ್ರ ನಾಸಿರ್ ಕನ್ನಡಕ್ಕೆ ತಿರುಗುತ್ತಾರೆ, ಆಫೀಸಿನಲ್ಲಿ ದೂರು ಕೊಡುವವರ ಹಾಗೆ. ಇಂದು ಸುರುವಿಗೇ ಕನ್ನಡ.

"ಗೊತ್ತಿಲ್ಲ ಅಂದ್ರೆ ಎಂತ ಮನೋರಮಕ್ಕ? ಮಳೆ ಉಂಟಾ ಇಲ್ವಾ?"

"ಮೆಷಿನು ಇಲ್ಲ ಅಂತ ಹೇಳ್ತದೆ ನಾಸಿರ್. ನನಗೆ ನಂಬಿಕೆ ಬರುದಿಲ್ಲ."

"ಮೆಷಿನನ್ನು ನಂಬುದಿಲ್ಲಾಂದ್ರೆ ಮತ್ತೆ ಯಾಕೆ ಇಟ್ಟದ್ದು? ಇಲ್ಲಿ ನೋಡಿ, ಬರೀ ತುಂತುರು. ನಮ್ಮ ಕೋಳಿ ಸಹ ಹೊರಗೆ ಬಂದಾಯ್ತು. ಹೋದ ವಾರ ನಿಮ್ಮ ಮಾತು ಕೇಳಿ ನಾನು ಮಕ್ಕಳ ಅಪ್ಪಂದಿರ ಕೈಯಲ್ಲಿ ಬೈಸಿಕೊಂಡದ್ದು ಸಾಕಾಗ್ಲಿಲ್ವಾ?"

ಮನೋರಮಾ ಪರದೆಯ ಸೊನ್ನೆಗಳನ್ನು ಇನ್ನೊಮ್ಮೆ ನೋಡುತ್ತಾರೆ.

"ಹೇಳಿ ಅಕ್ಕ. ಹೋಗುದಾ, ಬೇಡವಾ?"

ಅಂಕಿ ಕೊಡುವುದಷ್ಟೇ ತಮ್ಮ ಕೆಲಸ, ಹೋಗಿ ಎನ್ನಲು, ನಿಲ್ಲಿ ಎನ್ನಲು ತಾವು ಯಾರು ಎಂಬುದು ಇಷ್ಟು ವರ್ಷ ಅವರು ಇಟ್ಟುಕೊಂಡು ಬಂದ ನಿಯಮ. ಯಾರು ಎಷ್ಟು ಒತ್ತಾಯಿಸಿದರೂ ಆ ಗೆರೆ ದಾಟಿದ್ದಿಲ್ಲ.

"ಬೇಡ," ಎನ್ನುತ್ತಾರೆ.

ಆಚೆಯಿಂದ ಏನೂ ಕೇಳಿಸುವುದಿಲ್ಲ. ಲೈನ್ ಕಡಿದಿದೆ. ನಾಸಿರ್ ಇಟ್ಟರೋ, ರೇಂಜ್ ಹೋಯಿತೋ ತಿಳಿಯದು. 'ಬೇಡ' ಎಂದದ್ದು ಅವರ ಕಿವಿಗೆ ಬಿತ್ತೋ ಇಲ್ಲವೋ ಅದೂ ತಿಳಿಯದು. ತಿರುಗಿ ಮಾಡಿದರೆ ನಾಸಿರ್ ಕೂಡ ವ್ಯಾಪ್ತಿ ಪ್ರದೇಶದ ಹೊರಗೆ.

ಏಳು ದಾಟುತ್ತದೆ. ವ್ಯಾನ್ ಹೊರಡುವ ಹೊತ್ತು. ಕೆಳಗೆ ಶಶಿರಾಜ್ ಅಂಗಡಿಯ ಶಟರ್ ಎತ್ತುತ್ತಾರೆ. ಆ ಸದ್ದಿಗೆ ಮನೋರಮಾ ಬೆಚ್ಚಿ ಬೀಳುತ್ತಾರೆ. ಫೋನನ್ನು ಕೀಬೋರ್ಡಿನ ಪಕ್ಕ ಮುಖ ಮೇಲಾಗಿ ಇಟ್ಟುಕೊಂಡಿದ್ದಾರೆ. ಮಿಸ್ಡ್ ಕಾಲ್ ಬಂದರೆ ನಾಸಿರ್ ಮಾತು ಕೇಳದೆ ಹೋಗಿ, ಆದರೂ ಕ್ಷೇಮವಾಗಿ ದಾಟಿದ್ದಾರೆ ಎಂದು ಅರ್ಥ. ಬಾರದಿದ್ದರೆ? ಹೊರಡಲೇ ಇಲ್ಲವೆಂದೂ ಇರಬಹುದು, ಹೊರಟು ದಾಟಲಿಲ್ಲವೆಂದೂ ಇರಬಹುದು. ಏಳೂಕಾಲು, ಏಳೂವರೆ. ಫೋನ್ ಸುಮ್ಮನಿದೆ. ಶಶಿರಾಜ್ ಮೇಲೆ ಬಂದು ಚಾ ಇಟ್ಟು, ಹೆಂಡತಿಯ ಮುಖ ನೋಡಿ, ತಮಾಷೆ ಮಾಡದೆ ಇಳಿದುಹೋಗುತ್ತಾರೆ. ಚಾದ ಮೇಲೆ ಕೆನೆ ಕಟ್ಟುತ್ತದೆ.

ಮನೋರಮಾ ಮಾಡಬಹುದಾದ ಕೆಲಸ ಒಂದೇ. ಕಾಲು ಗಂಟೆಗೊಮ್ಮೆ ಬರುವ ಹೊಸ ಸಾಲನ್ನು ನೋಡುವುದು. ನೇರಿಯ: 0.0. ಮತ್ತೆ, ನೇರಿಯ: 0.0. ಒಂದು ವೇಳೆ ಅದು ನಿಜವೇ ಆಗಿದ್ದರೆ ನಾಳೆ ಗ್ರೂಪಿನಲ್ಲಿ ಇನ್ನೊಂದು ಬಿಸಿಲಿನ ಚಿತ್ರ ಬರುತ್ತದೆ. ಬರಲಿ ಎಂದು ಅವರ ತುಟಿ ಅಲುಗುತ್ತದೆ. ಬರಲಿ, ನೂರು ಬರಲಿ.

ಎಂಟಕ್ಕೆ ಇನ್ನೇನು ಸ್ವಲ್ಪ ಇರುವಾಗ ಫೋನ್ ರಿಂಗಾಗುತ್ತದೆ. ಒಂದು ರಿಂಗಿಗೆ ನಿಲ್ಲುವುದಿಲ್ಲ. ಎರಡು, ಮೂರು. ಮನೋರಮಾ ಎತ್ತುತ್ತಾರೆ.

"ಅಕ್ಕ, ಕೇಳ್ತದಾ?" ನಾಸಿರ್. ತುಳುವಿನಲ್ಲಿ.

ಅವರು ಫೋನನ್ನು ಎತ್ತಿ ಹಿಡಿದಿರಬೇಕು. ಒಳಗಿಂದ ಬರುತ್ತಿರುವುದು ನೀರಿನ ಸದ್ದು. ಹರಿಯುವ ಸದ್ದಲ್ಲ, ಲಾರಿಯಿಂದ ಜಲ್ಲಿ ಸುರಿದ ಹಾಗೆ, ನಿಲ್ಲದೆ.

"ಸೇತುವೆ ಕಾಣುದಿಲ್ಲ ಅಕ್ಕ. ಈಗ, ನಮ್ಮ ಕಣ್ಣೆದುರಿಗೆ ಮುಳುಗಿ ಹೋಯ್ತು. ಒಂದು ದೊಡ್ಡ ಮರ ಬೇರು ಸಮೇತ ಬಂದು ಅಡ್ಡ ಬಿದ್ದಿದೆ."

"ಮಕ್ಕಳು?"

"ವ್ಯಾನಿನ ಒಳಗೆ ಇದ್ದಾರೆ, ಈಚೆ ಅಂಗಡಿ ಹತ್ರ. ಸಿಟ್ಟಿನಲ್ಲಿ ಹೊರಟದ್ದು ಹೌದು. ನೀವು 'ಬೇಡ' ಅಂದದ್ದು ಕೇಳಿತ್ತು. ಸೇತುವೆ ಬುಡಕ್ಕೆ ಬಂದ್ರೆ ನೀರು ಸಾದಾ ಇತ್ತು, ಬಣ್ಣ ಮಾತ್ರ ಕೆಂಪು. ಯಾಕೋ ಗೇರು ಹಾಕ್ಲಿಕ್ಕೆ ಕೈ ಬರ್ಲಿಲ್ಲ, ಈಚೆಯೇ ನಿಲ್ಸಿ ಕಾದೆ. ನಿಮಗೆ ಹೇಳುವ ಅಂದ್ರೆ ಇಷ್ಟು ಹೊತ್ತು ರೇಂಜೂ ಇರ್ಲಿಲ್ಲ. ಮುಂದಿನ ಸೀಟಿನ ಆ ಇಬ್ಬರು ಬುತ್ತಿ ತೆಗೆದು ತಿಂದು ಮುಗಿಸಿದ್ರು. ಇನ್ನು ಮಧ್ಯಾಹ್ನಕ್ಕೆ ನನ್ನ ತಲೆ ತಿಂತಾರೆ."

ಮನೋರಮಾ ನಗಲು ಹೋಗುತ್ತಾರೆ. ನಗು ಬೇರೆಯೇ ಏನೋ ಆಗುತ್ತದೆ. ಶಾಲನ್ನು ಬಾಯಿಗೆ ಒತ್ತಿಕೊಳ್ಳುತ್ತಾರೆ.

ಈ ಘಟನೆಯನ್ನು ದೊಡ್ಡದು ಮಾಡಿ ಹೇಳಿದರೆ ಅವರಿಗೆ ಹಿಡಿಸುವುದಿಲ್ಲ. ದಿನಾ ಹೋಗುವ ಹೊತ್ತಿಗೆ ಹೋಗಿದ್ದರೆ ನಾಸಿರ್ ನೀರು ಬರುವ ಮೊದಲೇ ದಾಟಿರುತ್ತಿದ್ದರೋ ಏನೋ. "ದಾಟ್ತಿದ್ರಾ, ಸಿಕ್ಕಿಬೀಳ್ತಿದ್ರಾ, ಯಾರಿಗೆ ಗೊತ್ತು? ಅದಕ್ಕೂ ಮೈನಸ್ ತೊಂಬತ್ತೊಂಬತ್ತು ಹಾಕ್ಬೇಕಷ್ಟೆ," ಎನ್ನುತ್ತಾರೆ. ಮರುದಿನ ಬಳಗದವರು ಹೊಗಳಿ ಬರೆದದ್ದನ್ನೂ ಅವರು ಓದಿಲ್ಲ.

ಅದೇ ದಿನ ಹತ್ತು ಗಂಟೆಯ ಸುಮಾರಿಗೆ ಪುಷ್ಪರಾಜರ ಫೋನ್ ಬರುತ್ತದೆ. ರೇಂಜಿಗಾಗಿ ದಿಣ್ಣೆ ಏರಿ ಬಂದು ಏದುಸಿರು ಬಿಡುತ್ತಿದ್ದಾರೆ.

"ಮನೋರಮಾ, ಒಂದು ತಪ್ಪಾಗಿದೆ ಮಾರಾಯ್ತಿ. ನಿನ್ನೆ ಸಂಜೆ ನೋಡಿದ್ರೆ ಮಳೆ ಮಾಪಕದ ಬಾಯಿಯಲ್ಲಿ ಇರುವೆ. ಸಾವಿರ ಇರುವೆ. ಎಲ್ಲಾ ಮೊಟ್ಟೆ ಹೊತ್ತುಕೊಂಡು ಒಳಗೆ ಹೋಗ್ತಾ ಉಂಟು. ಚಾತುರ್ಮಾಸ ಬೇರೆ. ನೀರು ಹಾಕಿ ತೊಳೆಯುದು ಹೇಗೆ ಹೇಳು? ರಾತ್ರಿ ಮಳೆ ಬಂದ್ರೆ ಅಷ್ಟೂ ಸಾಯ್ತಾವೆ. ಬೆಳಿಗ್ಗೆ ತಾವಾಗಿ ಹೋಗ್ಲಿ ಅಂತ..."

"ಅಂತ?"

"ನನ್ನ ಮುಟ್ಟಾಳೆ ಮುಚ್ಚಿ ಬಂದೆ."

ಗದ್ದೆ ಕೆಲಸಕ್ಕೆ ಹೋಗುವಾಗ ತಲೆಗೆ ಇಡುವ ಅಡಕೆ ಹಾಳೆಯ ಟೊಪ್ಪಿ, ಮುಟ್ಟಾಳೆ. ಮಾಪಕದ ಬಾಯಿಗೆ ಅಳತೆ ತೆಗೆದು ಮಾಡಿದ ಹಾಗೆ ಕುಳಿತಿತ್ತಂತೆ. ಯಂತ್ರದ ಒಳಗೆ ತಕ್ಕಡಿಯಂತೆ ಆಡುವ ಎರಡು ಪುಟ್ಟ ಚಮಚಗಳಿರುತ್ತವೆ. ಒಂದು ತುಂಬಿದ ಕೂಡಲೇ ಮಗುಚುತ್ತದೆ, ಎಷ್ಟು ಸಲ ಮಗುಚಿತೆಂಬುದೇ ಮಳೆಯ ಲೆಕ್ಕ. ರಾತ್ರಿಯಿಡೀ ನೇರಿಯದ ಮೇಲೆ ಆಕಾಶ ಸುರಿದಿದೆ, ಚಮಚ ಒಮ್ಮೆಯೂ ಅಲ್ಲಾಡಿಲ್ಲ. ಮಳೆ ಅಳೆಯುವ ಯಂತ್ರ ತಲೆಗೆ ಟೊಪ್ಪಿ ಇಟ್ಟುಕೊಂಡು ಒಣಗಿದ ಬಾಯಲ್ಲಿ ಸೊನ್ನೆ, ಸೊನ್ನೆ ಎಂದು ಬರೆದು ಕಳಿಸಿದೆ.

ಬೈಯಬೇಕೆಂದು ಮನೋರಮಾ ಬಾಯಿ ತೆರೆಯುತ್ತಾರೆ. ಬೈಗುಳ ಹೊರಬರುವುದಿಲ್ಲ. ಚಾತುರ್ಮಾಸದಲ್ಲಿ ಒಂದು ಹುಳವೂ ಸಾಯಬಾರದೆಂದು ತಮ್ಮ ಅತ್ತೆ ನೀರನ್ನು ಮತ್ತೆ ಮತ್ತೆ ಸೋಸುವುದನ್ನು, ಸೋಸಿದ ಬಟ್ಟೆಯನ್ನು ಜೋಪಾನವಾಗಿ ಬಾವಿಗೇ ಜಾಲಾಡಿಸುವುದನ್ನು ಅವರು ವರ್ಷವರ್ಷವೂ ನೋಡಿದ್ದಾರೆ. ದೀಪದ ಸುತ್ತ ಹಾತೆ ಬಂದರೆ ಕಂಪ್ಯೂಟರಿನ ಪರದೆಯನ್ನೂ ಆರಿಸಿ ಕುಳಿತವರು ಅವರು. ಪುಷ್ಪರಾಜರ ಜಾಗದಲ್ಲಿ ತಾವಿದ್ದರೆ ಆ ಇರುವೆಗಳ ಮೇಲೆ ಚೊಂಬು ಬಗ್ಗಿಸುತ್ತಿದ್ದರೇ? ಆ ಪ್ರಶ್ನೆಯೇ ಅವರಿಗೆ ಹೆದರಿಕೆ ಹುಟ್ಟಿಸುತ್ತದೆ.

"ಇರುವೆ ಹೋದವಾ ಪುಷ್ಪರಾಜಣ್ಣ?" ಎಂದು ಕೇಳುತ್ತಾರೆ.

"ಹೋದವು. ಮೊಟ್ಟೆ ಸಮೇತ."

"ಹಾಗಾದ್ರೆ ಮುಟ್ಟಾಳೆ ತೆಗೀರಿ." ಸ್ವಲ್ಪ ತಡೆದು, ಮೆಲ್ಲಗೆ, "ಸೇತುವೆ ಹತ್ರ ಇಡೀ ವ್ಯಾನು ಮಕ್ಕಳಿದ್ರು ಅಣ್ಣ," ಎನ್ನುತ್ತಾರೆ.

ಪುಷ್ಪರಾಜ ಮುಟ್ಟಾಳೆ ತೆಗೆಯುತ್ತಿರಬೇಕು. ಫೋನಿನಲ್ಲಿ ಗುಡ್ಡದ ಮಳೆಯ ಸದ್ದಷ್ಟೇ ಕೇಳುತ್ತಿರುತ್ತದೆ. ಕೊನೆಗೆ, "ಇನ್ನು ಇರುವೆ ಕಂಡ್ರೆ ಮೊದಲು ನಿನಗೆ ಹೇಳ್ತೇನೆ. ರಾತ್ರಿಯಾದ್ರೂ ದಿಣ್ಣೆ ಹತ್ತುತ್ತೇನೆ," ಎಂದು ಇಡುತ್ತಾರೆ.

ಮಧ್ಯಾಹ್ನ ಬಂದ ಫಾಝಿಲ್ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಅಕ್ಕ, ಜಗತ್ತಿನ ಯಾವ ಪ್ರೋಗ್ರಾಮಿನಲ್ಲೂ ಮುಟ್ಟಾಳೆಗೆ ಒಂದು ಕೋಡ್ ಇಲ್ಲ." ಆಮೇಲೆ ಸಹಾಯ ಮಾಡುವವರಂತೆ, "ಪಕ್ಕದ ಎರಡು ಕೇಂದ್ರದ ಸರಾಸರಿ ಹಾಕಿ ತುಂಬಿಸಿ ಬಿಡುವ. ಎಲ್ಲರೂ ಹಾಗೇ ಮಾಡುದು," ಎನ್ನುತ್ತಾರೆ.

ಮನೋರಮಾ ಒಪ್ಪುವುದಿಲ್ಲ. ಈ ಮಳೆಗಾಲದಲ್ಲೇ ದೊಡ್ಡ ಮಳೆ ಅದು. ನೇರಿಯದ ಫೈಲಿನಲ್ಲಿ ಅದರ ಅಳತೆ ಎಂದೆಂದಿಗೂ ಇರುವುದಿಲ್ಲ. ಅದು ಅವರಿಗೆ ಸಣ್ಣ ನೋವೇನಲ್ಲ. "ಬೇಕಾದವರು ಬೇರೆ ಫೈಲಿನಲ್ಲಿ ಅಂದಾಜು ಹಾಕಿ ನಕ್ಷತ್ರ ಗುರುತು ಇಡ್ಲಿ. ಇದ್ರಲ್ಲಿ ಬೇಡ. ಅಳೆಯದ್ದನ್ನು ಅಳೆದ ಹಾಗೆ ಬರೆಯುದು ಹೇಗೆ?" 'ಬಂದದ್ದು' ಫೋಲ್ಡರಿನಲ್ಲಿ ಆ ಸುಳ್ಳು ಸೊನ್ನೆಗಳು ಹಾಗೆಯೇ ಉಳಿದಿವೆ. 'ತಿದ್ದಿದ್ದು' ಫೋಲ್ಡರಿನಲ್ಲಿ -99.9ಗಳ ಪಕ್ಕ ಒಂದು ಟಿಪ್ಪಣಿ ಸೇರಿದೆ: 'ಮಾಪಕಕ್ಕೆ ಮುಟ್ಟಾಳೆ ಮುಚ್ಚಿತ್ತು. ಮಳೆ ಬಿದ್ದಿದೆ. ಎಷ್ಟೆಂದು ಗೊತ್ತಿಲ್ಲ.'

ಅಂದಿನಿಂದ ಅವರ ಹೆದರಿಕೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಹಿಂದಿನ ವರ್ಷಗಳ ಫೈಲುಗಳಲ್ಲಿ ಇಂಥ ಎಷ್ಟು ಸೊನ್ನೆಗಳು ತಣ್ಣಗೆ ಕುಳಿತಿವೆಯೋ! ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದೇ ಮಳೆಗಾಲ ತೆರೆದು, ಪಕ್ಕದ ಊರಿಗೆ ಸುರಿದ ದಿನ ಇಲ್ಲಿ ಸೊನ್ನೆ ಇದ್ದರೆ, ಕೇಂದ್ರ ನೋಡುವವರಿಗೆ ಫೋನ್ ಮಾಡಿ ಕೇಳುತ್ತಾರೆ. ಕೆಲವರು ನೆನಪು ಮಾಡಿ ಹೇಳುತ್ತಾರೆ. ಕೆಲವರು, "ಐದು ವರ್ಷದ ಹಿಂದಿನ ಮಳೆ ಈಗ ಯಾರಿಗೆ ಬೇಕು ಮಾರಾಯ್ತಿ?" ಎಂದು ನಗುತ್ತಾರೆ. ಇವರೂ ನಕ್ಕು, ಕ್ಷಮೆ ಕೇಳಿ, ಇನ್ನೊಬ್ಬರಿಗೆ ಮಾಡುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಬಹಳ ಯೋಚಿಸುತ್ತಾರೆ. ಹೊಸ ಕಂಪ್ಯೂಟರ್ ಎನ್ನಬಹುದೆಂದು ಕಾದರೆ, "ಪುಷ್ಪರಾಜಣ್ಣನ ಮನೆಗೆ ರೇಂಜ್ ಸಿಗ್ಬೇಕು," ಎನ್ನುತ್ತಾರೆ. ಅಷ್ಟೇನಾ ಎಂದರೆ, "ಅಷ್ಟು ಸಿಕ್ಕಿದ್ರೆ ಎಷ್ಟೋ ಆಯ್ತು."

ಇದಾಗಿ ಒಂದು ವಾರ ಕಳೆದಿದೆ. ಹೊಳೆಗೆ ಬಿದ್ದ ಮರವನ್ನು ಕಡಿದು ತೆಗೆದಿದ್ದಾರೆ, ನೀರು ಇಳಿದು ಸೇತುವೆ ಮತ್ತೆ ಮೇಲೆ ಕಾಣುತ್ತಿದೆ. ಬೆಳಕು ಹರಿಯುವ ಮೊದಲೇ ಮನೋರಮಾ ಎಂದಿನಂತೆ ಶಾಲು ಹೊದ್ದು ಕುಳಿತಿದ್ದಾರೆ. ಪುಂಜಾಲಕಟ್ಟೆ ತೆರೆದು ಮುಚ್ಚುತ್ತಾರೆ, ಕಲ್ಲಡ್ಕ ತೆರೆದು ಮುಚ್ಚುತ್ತಾರೆ. ಕೊನೆಗೆ ನೇರಿಯ.

0.0.

ಕೈ ತನ್ನಷ್ಟಕ್ಕೇ ಫೋನಿಗೆ ಹೋಗುತ್ತದೆ. ಈ ಸಲ ಎರಡನೇ ರಿಂಗಿಗೇ ಎತ್ತುತ್ತಾರೆ. ಪುಷ್ಪರಾಜ ಈಗ ದಿನಾ ಈ ಹೊತ್ತಿಗೆ ದಿಣ್ಣೆ ಹತ್ತಿ ಕಾಯುತ್ತಿರುತ್ತಾರೆ. ಯಾರೂ ಹತ್ತಿ ಎಂದು ಹೇಳಿದ್ದಲ್ಲ.

"ಮಳೆ ಇಲ್ಲ ಮನೋರಮಾ. ನಿಜವಾಗಿ ಇಲ್ಲ. ರಾತ್ರಿಯೂ ಬರ್ಲಿಲ್ಲ. ಯಂತ್ರದ ಪಕ್ಕದಲ್ಲೇ ನಿಂತಿದ್ದೇನೆ, ಬರೀ ತಲೆಯಲ್ಲಿ. ತಲೆ ಒಣಗಿಯೇ ಉಂಟು."

"ಮುಟ್ಟಾಳೆ?"

"ಮನೆಯಲ್ಲಿ, ಗೂಟದಲ್ಲಿ."

ಆ ಸಾಲಿನ ಪಕ್ಕದಲ್ಲಿ ಮನೋರಮಾ 'ನೋಡಿದ್ದಾರೆ' ಎಂದು ಒತ್ತುತ್ತಾರೆ. ಆರೂವರೆಗೆ ಸಂದೇಶ ಹೋಗುತ್ತದೆ. 'ಸಾಮಾನ್ಯ.' ಆಮೇಲೆ ಫೋನನ್ನು ಕೀಬೋರ್ಡಿನ ಪಕ್ಕ ಮುಖ ಮೇಲಾಗಿ ಇಟ್ಟು, ಕೈ ಕಟ್ಟಿ ಕುಳಿತುಕೊಳ್ಳುತ್ತಾರೆ. ಕೆಳಗೆ ಶಟರ್ ಏಳುತ್ತದೆ. ಶಶಿರಾಜ್ ಚಾ ತಂದಿಟ್ಟು, ಏನೂ ಕೇಳದೆ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾರೆ. ಏಳೂಕಾಲು ಆಗುತ್ತದೆ, ದಾಟುತ್ತದೆ. ಇಬ್ಬರೂ ಫೋನನ್ನೇ ನೋಡುತ್ತಿದ್ದಾರೆ.

ಅದು ಒಮ್ಮೆ ರಿಂಗಾಗುತ್ತದೆ. ನಿಲ್ಲುತ್ತದೆ.

ಮನೋರಮಾ ಚಾ ಲೋಟಕ್ಕೆ ಕೈ ಚಾಚುತ್ತಾರೆ. "ಬಿಸಿ ಉಂಟು," ಎನ್ನುತ್ತಾರೆ, ಆಶ್ಚರ್ಯಪಟ್ಟವರಂತೆ.